ಮಾಡೆಲ್‌ನಲ್ಲಿ ಎಂದೂ ಬತ್ತದ ಭದ್ರಾ ನಾಲೆ

ಇವತ್ತು ಒಂದು ಸಾಫ್ಟ್‌ವೇರ್ ಬಗ್ಗೆ ಮಾತಾಡ್ತೀನಿ. ನೆಲದೊಳಗಿನ ನೀರು ಯಾವ ಕಡೆಗೆ, ಎಷ್ಟು ಹರಿಯುತ್ತೆ ಅಂತ ಲೆಕ್ಕ ಹಾಕೋ ಪ್ರೋಗ್ರಾಂ, ಹೆಸರು ಮಾಡ್‌ಫ್ಲೋ. ಅದನ್ನ ನಂಬಿ ನಮ್ಮ ಸೋದರಮಾವ ಇನ್ನೇನು ಮೂರನೇ ಬೋರ್ ಕೊರೆಸಿಬಿಡ್ತಿದ್ರು. ತಪ್ಪು ಪ್ರೋಗ್ರಾಂನದ್ದಲ್ಲ, ನನ್ನದು.

ನಾನು ದಾವಣಗೆರೆಯಲ್ಲಿ ಸಿವಿಲ್ ಓದಿದವನು. ಮಾವನದು ಹರಿಹರ ತಾಲ್ಲೂಕು, ಭದ್ರಾ ನಾಲೆಯ ಕೊನೇ ಭಾಗ. ನಾಲ್ಕು ಎಕರೆ ಅಡಿಕೆ. 2023ರಲ್ಲಿ ಮಳೆ ಕೈಕೊಡ್ತಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಗೆ ಮಾವನ ಒಂದು ಬೋರ್ ಪೂರ್ತಿ ನಿಂತಿತ್ತು, ಇನ್ನೊಂದು ಅರ್ಧ ಗಂಟೆ ಓಡಿ ಗಾಳಿ ಉಗುಳ್ತಿತ್ತು. ಪಾಯಿಂಟ್ ಹಾಕೋರು ತೆಂಗಿನಕಾಯಿ ಹಿಡಿದು ಬಂದು ಹೋದ್ರು. ಆಮೇಲೆ ಮಾವ ನನ್ನ ಕಡೆ ತಿರುಗಿ, "ನಿನ್ನ ಕಂಪ್ಯೂಟರ್ ಏನಂತತೋ, ನೋಡಿ ಹೇಳು" ಅಂದ್ರು.

ಮಾಡ್‌ಫ್ಲೋ ಹಳೇದು. ಅಮೆರಿಕದ ಯುಎಸ್‌ಜಿಎಸ್ ಅನ್ನೋ ಸರ್ಕಾರಿ ಭೂವಿಜ್ಞಾನ ಸಂಸ್ಥೆ 1984ರಲ್ಲಿ ಹೊರತಂದದ್ದು. ಈಗ ಮಾಡ್‌ಫ್ಲೋ 6 ಇದೆ, ಪುಕ್ಕಟೆ. ಪೈಥಾನ್ ಬರುತ್ತಾ? ಫ್ಲೋಪೈ ಹಾಕ್ಕೊಳ್ಳಿ. ಬರಲ್ವಾ? ಮಾಡೆಲ್‌ಮ್ಯೂಸ್ ಇದೆ, ಮೌಸಲ್ಲೇ ಗೆರೆ ಎಳೆದು ಕೆಲಸ ಮಾಡಬಹುದು. ನೆಲವನ್ನ ಚೌಕಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಎಷ್ಟು ನೀರು ಬಂತು, ಎಷ್ಟು ಹೋಯ್ತು ಅಂತ ಸರಿದೂಗಿಸೋದೇ ಅದರ ಕೆಲಸ. ಮನೆ ಖರ್ಚಿನ ಲೆಕ್ಕ ಇದ್ದಂಗೆ.

ನಾನು ದಾವಣಗೆರೆಯಿಂದ ಹರಿಹರದ ಹೊಳೆವರೆಗೆ 250 ಮೀಟರ್ ಚೌಕ ಹಾಕಿದೆ. ಬಾವಿಗಳ ನೀರಿನ ಮಟ್ಟವನ್ನ ಇಂಡಿಯಾ-ವ್ರಿಸ್ ಜಾಲತಾಣದಿಂದ ತಗೊಂಡೆ. ಓಡಿಸಿದೆ. ಫೇಲ್. 'ಕನ್ವರ್ಜ್ ಆಗಲಿಲ್ಲ', ಅಂದ್ರೆ ಲೆಕ್ಕ ಕೂಡಿ ಬರಲಿಲ್ಲ ಅಂತ ಬಂತು.

ಮೊದಲ ತಪ್ಪು ನಗು ಬರೋ ಅಂಥದ್ದು. ದಾಖಲೆಯಲ್ಲಿ ನೀರು ನೆಲದಿಂದ 12 ಮೀಟರ್ ಕೆಳಗಿದೆ ಅಂತಿರುತ್ತೆ. ಮಾಡ್‌ಫ್ಲೋ ಕೇಳೋದು 'ಹೆಡ್', ಅಂದ್ರೆ ಆ ನೀರಿನ ಮಟ್ಟದ ಎತ್ತರ. ನೆಲದ ಎತ್ತರವನ್ನ ಸಮುದ್ರ ಮಟ್ಟದಿಂದ ಅಳೆದಿದ್ರೆ ಇದನ್ನೂ ಅಲ್ಲಿಂದಲೇ ಅಳೆಯಬೇಕು. ದಾವಣಗೆರೆ ಇರೋದೇ ಸುಮಾರು 600 ಮೀಟರ್ ಎತ್ತರದಲ್ಲಿ. ನಾನು 12 ಅಂತಲೇ ಕೊಟ್ಟಿದ್ದೆ. ಊರಿನ ನೀರೆಲ್ಲ ಮಂಗಳೂರು ಬೀಚಿನ ಮಟ್ಟಕ್ಕಿಳಿದಿತ್ತು.

ಎರಡನೇದು ನಮ್ಮ ಕಡೆ ಮಾಡೆಲ್ ಮಾಡೋರಿಗೆಲ್ಲ ಕಾಡೋ ತೊಂದರೆ. ನಮ್ಮದು ಗಟ್ಟಿಕಲ್ಲಿನ ನೆಲ. ಮೇಲಿನ ಶಿಥಿಲವಾದ ಪದರ ತೆಳು, ಅದರ ಕೆಳಗೆ ಬಂಡೆ, ಬಂಡೆಯ ಬಿರುಕಲ್ಲಿ ಅಷ್ಟಿಷ್ಟು ನೀರು. ಬೋರ್ ಎಳೆದ ಕೂಡಲೇ ಮೇಲಿನ ಚೌಕ ಒಣಗುತ್ತೆ, ಪಕ್ಕದಿಂದ ನೀರು ಬಂದು ಮತ್ತೆ ತೇವ ಆಗುತ್ತೆ, ಮತ್ತೆ ಒಣಗುತ್ತೆ. ಪ್ರೋಗ್ರಾಂ ಅಲ್ಲೇ ತಿರುಗಿ ತಿರುಗಿ ಸುಸ್ತಾಗುತ್ತೆ. ಇದಕ್ಕೆ ಮಾಡ್‌ಫ್ಲೋ 6ರಲ್ಲಿ ನ್ಯೂಟನ್ ಅನ್ನೋ ಆಯ್ಕೆ ಆನ್ ಮಾಡಿ. ಬೋರ್‌ಗಳಿಗೆ 'ಆಟೋ ಫ್ಲೋ ರೆಡ್ಯೂಸ್' ಕೊಡಿ, ನೀರು ತಳ ಸೇರ್ತಾ ಬಂದಂಗೆ ಅದೇ ಪಂಪಿಂಗ್ ಕಮ್ಮಿ ಮಾಡುತ್ತೆ.

ರಾತ್ರಿ ಒಂದೂವರೆಗೆ ಓಡ್ತು. ಒಂದೂ ಎರರ್ ಇಲ್ಲ. ಮಾವನ ತೋಟದ ಮೇಲೆ ಒಳ್ಳೇ ನೀಲಿ ಬಣ್ಣ, ನೀರು ಹತ್ತಿರದಲ್ಲೇ ಇದೆ. ಬೆಳಿಗ್ಗೆ ಫೋಟೋ ಕಳಿಸಿದೆ. ಸಂಜೆಗೆ ಮಾವ ಬೋರ್ ಲಾರಿಯವರ ಹತ್ರ ಅಡಿಗೆ ಎಷ್ಟು, ಕೇಸಿಂಗ್‌ಗೆ ಎಷ್ಟು ಅಂತ ಮಾತಾಡಿ ಆಗಿತ್ತು. ದುಡ್ಡಿಗೆ ಅತ್ತೆಯ ಬಂಗಾರ ಇಡೋದು ಅಂತ.

ನನ್ನನ್ನ ಉಳಿಸಿದ್ದು ಲಿಸ್ಟ್ ಫೈಲ್. ಮಾಡೆಲ್ ಓಡಿದ ಮೇಲೆ ಬರೋ ಉದ್ದನೇ ಟೆಕ್ಸ್ಟ್ ಫೈಲ್ ಅದು, ಯಾರೂ ತೆಗೆದು ನೋಡಲ್ಲ. ಅದರ ಕೊನೇಲಿ ನೀರಿನ ಬಜೆಟ್ ಇರುತ್ತೆ: ಮಳೆಯಿಂದ ಎಷ್ಟು, ಹೊಳೆಯಿಂದ ಎಷ್ಟು, ಬೋರ್‌ಗೆ ಹೋದದ್ದೆಷ್ಟು. ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಇರೋ ವ್ಯತ್ಯಾಸ ಹೆಚ್ಚುಕಮ್ಮಿ ಸೊನ್ನೆ. ಲೆಕ್ಕ ಪಕ್ಕಾ. ಆದ್ರೆ ಬಂದ ನೀರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು 'ಕಾನ್‌ಸ್ಟಂಟ್ ಹೆಡ್'ನಿಂದ ಬಂದಿತ್ತು. ಅದು ನಾನು ನಾಲೆಗೆ ಕೊಟ್ಟಿದ್ದು. ಕಾನ್‌ಸ್ಟಂಟ್ ಹೆಡ್ ಅಂದ್ರೆ, ಇಲ್ಲಿ ನೀರಿನ ಮಟ್ಟ ಯಾವತ್ತೂ ಇಳಿಯಲ್ಲ ಅಂತ ನಾವೇ ಬರೆದುಕೊಟ್ಟಂಗೆ. ಎಷ್ಟು ಎಳೆದ್ರೂ ಅದು ಕೊಡ್ತಾನೇ ಇರುತ್ತೆ.

ಮಾವನಿಗೆ ಫೋನ್ ಮಾಡಿ ಕೇಳ್ದೆ, "ಮಾವ, ನಿಮ್ಮಲ್ಲಿ ನಾಲೆ ನೀರು ವರ್ಷದಲ್ಲಿ ಎಷ್ಟು ದಿನ ಬರ್ತದೆ?" ಆ ಕಡೆ ಜೋರಾಗಿ ನಗು. "ಕೊನೇ ಭಾಗಕ್ಕೆ ನೀರು ಮುಟ್ಟಲಿ ಅಂತ ರಸ್ತೇಲಿ ಕೂತದ್ದೇ ಜಾಸ್ತಿ ದಿನ ಐತಲ್ಲೋ!"

ಅಷ್ಟೇ. ದಾವಣಗೆರೆಯಲ್ಲಿ ಪೇಪರ್ ಓದೋ ಯಾರಿಗಾದ್ರೂ ಗೊತ್ತಿರೋ ವಿಷಯ ನನ್ನ ಮಾಡೆಲ್‌ಗೆ ಗೊತ್ತಿರಲಿಲ್ಲ, ಯಾಕಂದ್ರೆ ನಾನು ಹೇಳಿರಲಿಲ್ಲ.

ನಾಲೆಯನ್ನ ರಿವರ್ ಪ್ಯಾಕೇಜ್‌ಗೆ ಬದಲಾಯಿಸಿದೆ. ಅದರಲ್ಲಿ ನಾಲೆಯ ತಳ ಎಷ್ಟು ಸೋರುತ್ತೆ ಅಂತ ಮಿತಿ ಹಾಕಬಹುದು. ವರ್ಷವನ್ನ ತಿಂಗಳುಗಳಾಗಿ ಒಡೆದೆ. ನೀರಿಲ್ಲದ ತಿಂಗಳಿಗೆ ಏನೂ ಬರೆಯದೆ ಬಿಟ್ಟೆ. ಓಡಿಸಿದ್ರೆ ಅದೇ ನೀಲಿ! ಎರಡು ದಿನ ತಲೆ ಕೆಡ್ತು. ಇದನ್ನ ನೆನಪಿಟ್ಕೊಳ್ಳಿ: ಮಾಡ್‌ಫ್ಲೋ 6ರಲ್ಲಿ ಒಂದು ಅವಧಿಗೆ ಏನೂ ಬರೆಯದಿದ್ರೆ ಹಿಂದಿನ ಅವಧಿಯದ್ದೇ ಮುಂದುವರಿಯುತ್ತೆ. ನಾಲೆ ನಿಲ್ಲಿಸಬೇಕಾದ್ರೆ ಆ ಅವಧಿಗೆ ಪೀರಿಯಡ್ ಬ್ಲಾಕ್ ತೆರೆದು, ಖಾಲಿ ಬಿಟ್ಟು ಮುಚ್ಚಬೇಕು. ಅಂದ್ರೆ 'ಇಲ್ಲ' ಅನ್ನೋದನ್ನೂ ಬರೆದೇ ಹೇಳಬೇಕು.

ಈ ಸಲ ನೀಲಿ ಹೋಯ್ತು. ಮಾರ್ಚ್ ಹೊತ್ತಿಗೆ ಮಾವನ ಚೌಕ ಒಣಗ್ತಾ ಬಂತು, ಹೊಸ ಬೋರ್ ಹಾಕಿ ನೋಡಿದ್ರೆ ಹಳೇದರ ನೀರನ್ನೇ ಹಂಚ್ಕೊಳ್ತು. ಬೇರೆ ಕಡೆ ಸಿಗಬಹುದಾ ಅಂತ ಮಾವ ಕೇಳಿದ್ರು. ಹೇಳೋಕಾಗಲ್ಲ ಅಂದೆ. 250 ಮೀಟರ್ ಚೌಕ ಅಂದ್ರೆ ಹದಿನೈದು ಎಕರೆಗೂ ಜಾಸ್ತಿ. ಮಾವನ ಇಡೀ ತೋಟ ಅದರ ಒಂದು ಮೂಲೆಗೆ ಸಾಕು. ಆರೂವರೆ ಇಂಚಿನ ತೂತು ಬಂಡೆಯ ಯಾವ ಬಿರುಕಿಗೆ ಸಿಗುತ್ತೆ ಅನ್ನೋದು ಇದರಲ್ಲಿ ಕಾಣಲ್ಲ. ಯಾರಾದ್ರೂ ಇಂಥ ಬಣ್ಣದ ಮ್ಯಾಪ್ ತೋರಿಸಿ ಪಾಯಿಂಟ್ ಕೊಡ್ತೀವಿ ಅಂದ್ರೆ, ಬಜೆಟ್ ಟೇಬಲ್ ತೋರಿಸಿ ಅನ್ನಿ.

ಮಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಲಾರಿಯವರಿಗೆ ಬೇಡ ಅಂದ್ರು. ಒಂದು ಎಕರೆ ಅಡಿಕೆ ಕೈಬಿಟ್ರು, ಉಳಿದದ್ದಕ್ಕೆ ಡ್ರಿಪ್ ಹಾಕಿದ್ರು. ಒಣಗಿದ ಮರ ಕಡಿಯೋ ದಿನ ನಾನೂ ಹೋಗಿದ್ದೆ. ಅತ್ತೆ ಮಾತ್ರ ಹೊರಗೆ ಬರಲಿಲ್ಲ.

ತೋಟದ ಮೂಲೇಲಿ ಒಂದು ಹಳೇ ತೆರೆದ ಬಾವಿ ಇದೆ. ಈಗ ತಿಂಗಳಿಗೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದರ ನೀರಿನ ಮಟ್ಟ ಅಳೀತೀವಿ. ಮೇ ತಿಂಗಳಲ್ಲಿ ನನ್ನ ಮಾಡೆಲ್‌ಗೂ ಆ ಬಾವಿಗೂ ನಾಲ್ಕು ಮೀಟರ್ ವ್ಯತ್ಯಾಸ ಇತ್ತು. ಹಗ್ಗ ಹಿಡಿಯೋದು ಮಾವ, ಬರ್ಕೊಳ್ಳೋದು ನಾನು. ಈ ತಿಂಗಳದ್ದು ಇನ್ನೂ ಬಾಕಿ ಇದೆ, ಭಾನುವಾರ ಹೋಗ್ತೀನಿ.