ಜುಮ್ಮೆನ್ನುವ ಊರು

ಢಣ್! ಢಣ್! ಢಣ್!

ಬೆಚ್ಚಬೇಡಿ, ಇದು ಶಾಲೆಯ ಗಂಟೆಯಲ್ಲ. ಯಾರೋ ತಿಂಡಿ ಮಾಡುತ್ತಿದ್ದಾರೆ, ಅಷ್ಟೆ.

ನಾವೀಗ ಬಂದಿರುವುದು ಚೆಂಗ್ಡು ಎಂಬ ಊರಿಗೆ. ಚೀನಾದ ನೈಋತ್ಯ ಭಾಗದಲ್ಲಿರುವ ಸಿಚುವಾನ್ ಪ್ರಾಂತದ ರಾಜಧಾನಿ ಇದು. ಪಾಂಡಾಗಳ ಊರು ಎಂದರೆ ನಿಮಗೆ ಬೇಗ ಗುರುತು ಹತ್ತುತ್ತದೆ. ಸುತ್ತ ಬೆಟ್ಟ, ನಡುವೆ ಬೋಗುಣಿಯಂಥ ತಗ್ಗು ನೆಲ. ಆ ಬೋಗುಣಿಯೊಳಗೆ ತೇವದ ಗಾಳಿ ಸಿಕ್ಕಿಕೊಂಡು ವರ್ಷದ ಬಹುಪಾಲು ದಿನ ಮೋಡ ಮುಸುಕಿರುತ್ತದೆ. ಅಪರೂಪಕ್ಕೆ ಸೂರ್ಯ ಕಂಡರೆ ಅಲ್ಲಿನ ನಾಯಿಗಳು ಯಾರೋ ಹೊಸಬ ಬಂದ ಎಂದು ಬೊಗಳುತ್ತವಂತೆ! ಹಾಗೊಂದು ಹಳೆಯ ಮಾತೇ ಚೀನೀ ಭಾಷೆಯಲ್ಲಿದೆ. ಅಂಥ ಮಬ್ಬು ಸಂಜೆಯಲ್ಲಿ ಏನಾದರೂ ಬಿಸಿಬಿಸಿ, ಖಾರಖಾರ ಬೇಕೆನಿಸುವುದು ಸಹಜವೇ. ಮಳೆ ಹಿಡಿದ ದಿನ ನಿಮಗೂ ಬೋಂಡ ನೆನಪಾಗುವುದಿಲ್ಲವೇ? 2010ರಲ್ಲಿ ಯುನೆಸ್ಕೊ ಈ ಊರಿಗೆ ಅಡುಗೆಯ ನಗರವೆಂಬ ಮನ್ನಣೆ ಕೊಟ್ಟಿತು. ಇಲ್ಲಿನ ಕುರುಕಲು ತಿಂಡಿಗಳಿಗೆ 'ಶಿಯಾವೋಚೀ' ಎಂದು ಹೆಸರು. 'ಸಣ್ಣ ತಿನಿಸು' ಎಂದರ್ಥ.

ಸರಿ, ಆ ಢಣ್ ಢಣ್ ಏನು ನೋಡೋಣ ಬನ್ನಿ.

ತಿಂಡಿಯವರು ಬೆಂದ ಅಕ್ಕಿಯ ಮುದ್ದೆಯಿಂದ ಒಂದು ಚೂರು ಚಿವುಟಿ, ಉಂಡೆ ಕಟ್ಟಿ, ಎದುರಿನ ಮರದ ಹಲಗೆಗೆ ಬೀಸಿ ಎಸೆಯುತ್ತಾರೆ. ಹಲಗೆಯ ಮೇಲೆ ಹಿತ್ತಾಳೆಯ ಪುಟ್ಟ ತಟ್ಟೆಗಳನ್ನು ಜೋಡಿಸಿಟ್ಟಿದ್ದಾರೆ. ಉಂಡೆ ಬಡಿದೊಡನೆ ಹಲಗೆ ನಡುಗುತ್ತದೆ. ತಟ್ಟೆಗಳು ಒಂದಕ್ಕೊಂದು ತಾಗಿ ಭಜನೆಯ ತಾಳದಂತೆ ಢಣ್ ಎನ್ನುತ್ತವೆ. ಉಂಡೆ ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಚೆಂಡಿನಂತೆ ಪುಟಿದು, ಹುರಿದ ಸೋಯಾ ಹಿಟ್ಟು ಹರಡಿದ ಬಿದಿರಿನ ತಟ್ಟೆಗೆ ಹಾರಿ ಬೀಳುತ್ತದೆ. ಒಂದು ಪಾಲಿಗೆ ಮೂರು ಉಂಡೆ, ಮೂರು ಸದ್ದು. ಮೇಲೆ ಬೆಲ್ಲದ ಪಾಕ, ಒಂದಿಷ್ಟು ಎಳ್ಳು. ಹೆಸರು 'ಸಾನ್ ದಾ ಪಾವ್', ಅಂದರೆ ಮೂರು ದೊಡ್ಡ ಫಿರಂಗಿ. ತಿನ್ನುವ ಮೊದಲೇ ಕಿವಿಗೆ ಬೀಳುವ ತಿಂಡಿ!

ನಮ್ಮನೆಯ ಅನ್ನವನ್ನು ಹೀಗೆ ಎಸೆದರೆ ಏನಾಗುತ್ತದೆ? ಅಗುಳು ನಾಲ್ಕು ದಿಕ್ಕಿಗೆ, ಅಮ್ಮನ ಬೈಗುಳ ಒಂದೇ ದಿಕ್ಕಿಗೆ. ಹಾಗಾದರೆ ಅವರ ಉಂಡೆ ಯಾಕೆ ಒಡೆಯುವುದಿಲ್ಲ? ಗುಟ್ಟು ಅಕ್ಕಿಯಲ್ಲಿದೆ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಒಂದು ಉದ್ದನೆಯ ದಾರದಂಥದ್ದು, ಅಮೈಲೋಸ್. ಇನ್ನೊಂದು ಹುಣಸೆ ಮರದ ಕೊಂಬೆಯಂತೆ ಕವಲೊಡೆದದ್ದು, ಅಮೈಲೋಪೆಕ್ಟಿನ್. ಅನ್ನ ಉದುರುದುರಾಗಲು ದಾರದಂಥದ್ದು ಸಾಕಷ್ಟು ಇರಬೇಕು. ಅವರು ಬಳಸುವ ಅಂಟಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬರೀ ಕವಲಿನದೇ ರಾಜ್ಯ. ಆ ಕವಲುಗಳು ನೀರನ್ನು ಕುಡಿದು, ಒಂದರೊಳಗೊಂದು ತೊಡಕಿಕೊಂಡು ಬಲೆಯಾಗುತ್ತವೆ. ಬಲೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಎಸೆದರೆ ಪುಟಿಯುತ್ತದೆ.

ಅದೇ ಅಂಟಕ್ಕಿಯ ಹಿಟ್ಟಿನೊಳಗೆ ಕರಿ ಎಳ್ಳಿನ ಹೂರಣ ತುಂಬಿ, ಕುದಿಯುವ ನೀರಿಗೆ ಬಿಟ್ಟರೆ 'ಟಾಂಗ್‌ಯುವಾನ್' ಎಂಬ ಗುಂಡು ಕಡುಬು. 1894ರಲ್ಲಿ ಶುರುವಾದ 'ಲಾಯ್ ಟಾಂಗ್‌ಯುವಾನ್' ಎಂಬ ಹೆಸರುವಾಸಿ ಕಡುಬು ಈ ಊರಿನದೇ. ಹಾಕಿದಾಗ ತಳಕ್ಕಿಳಿದ ಕಡುಬು ಬೆಂದ ಮೇಲೆ ತೇಲಿ ಬರುತ್ತದೆ. ಬಿಸಿಗೆ ಅದು ಉಬ್ಬಿತು, ತೂಕ ಮಾತ್ರ ಹೆಚ್ಚೇನೂ ಏರಲಿಲ್ಲ. ಆದ್ದರಿಂದ ನೀರು ಅದನ್ನು ಮೇಲೆತ್ತಿತು. ಬೆಂದಿದೆಯೇ ಎಂದು ಚುಚ್ಚಿ ನೋಡಬೇಕಾಗಿಯೇ ಇಲ್ಲ.

ಪಕ್ಕದಲ್ಲಿ ಮಕ್ಕಳ ಗುಂಪೊಂದು ಬಿದಿರಿನ ಮುಳ್ಳನ್ನು ಗಿರ್ರನೆ ತಿರುಗಿಸುತ್ತಿದೆ. ಮುಳ್ಳು ಯಾವ ಪ್ರಾಣಿಯ ಚಿತ್ರದ ಮೇಲೆ ನಿಲ್ಲುತ್ತದೋ ಆ ಪ್ರಾಣಿ ನಿಮಗೆ. ಎಲ್ಲರಿಗೂ ಬೇಕಾಗಿರುವುದು ಡ್ರ್ಯಾಗನ್. ಚಿತ್ರಗಾರರು ಕರಗಿದ ಸಕ್ಕರೆಯನ್ನು ಪುಟ್ಟ ಸೌಟಿನಲ್ಲಿ ಎತ್ತಿ, ತಣ್ಣನೆಯ ಅಮೃತಶಿಲೆಯ ಮೇಲೆ ಎಳೆ ಎಳೆಯಾಗಿ ಸುರಿಯುತ್ತಾರೆ. ಥೇಟ್ ರಂಗೋಲಿ. ಒಂದು ಕಡ್ಡಿ ಅಂಟಿಸಿ ಎತ್ತಿದರೆ ಜೇನುಬಣ್ಣದ ಗಾಜಿನ ಡ್ರ್ಯಾಗನ್! ಕಣ್ಣಿಗೆ ಹಿಡಿದರೆ ಆಚೆ ಬದಿಯ ಬೀದಿಯೂ ಕಾಣುತ್ತದೆ.

'ಗಾಜಿನ' ಎಂದದ್ದು ಬರೀ ಹೊಗಳಿಕೆಗಲ್ಲ. ಅದು ನಿಜಕ್ಕೂ ಒಂದು ಬಗೆಯ ಗಾಜೇ. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿದೆಯಲ್ಲ? ಅದೂ ಸಕ್ಕರೆಯೇ, ಆದರೆ ಬೆಳ್ಳಗಿರುತ್ತದೆ, ಆಚೆ ಬದಿ ಕಾಣುವುದಿಲ್ಲ. ಅಚ್ಚಿನ ಪಾಕವನ್ನು ಕದಡುವಾಗ ಸಕ್ಕರೆಯ ಅಣುಗಳು ಬೆಳಗಿನ ಪ್ರಾರ್ಥನೆಗೆ ನಿಂತ ಹುಡುಗರಂತೆ ಸಾಲಾಗಿ ಜೋಡಿಕೊಂಡು ಸಾವಿರಾರು ಕಿರುಹರಳುಗಳಾಗುತ್ತವೆ. ಬೆಳಕು ಆ ಹರಳುಗಳಿಗೆ ಬಡಿದು ಚದುರುತ್ತದೆ. ಹಾಗಾಗಿ ಬಿಳುಪು. ಅಮೃತಶಿಲೆಯ ಮೇಲೆ ಬಿದ್ದ ಸಕ್ಕರೆಗೆ ಸಾಲು ಕಟ್ಟಲು ಸಮಯವೇ ಸಿಗುವುದಿಲ್ಲ. ಕಲ್ಲು ಬಿಸಿಯನ್ನು ಗಬಕ್ಕನೆ ಹೀರಿಬಿಡುತ್ತದೆ. ಅಣುಗಳು ಆಟದ ಮೈದಾನದಲ್ಲಿ ಎಲ್ಲೆಲ್ಲಿದ್ದವೋ ಅಲ್ಲಲ್ಲೇ 'ಸ್ಟ್ಯಾಚೂ' ಆಗುತ್ತವೆ. ಸಾಲು ಇಲ್ಲ, ಹರಳೂ ಇಲ್ಲ, ಬೆಳಕಿಗೆ ಅಡ್ಡಿಯೂ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವ ತಿಂಡಿ. ಹೆಸರು 'ಬಿಂಗ್‌ಫೆನ್'. ಬಟ್ಟಲಲ್ಲಿ ನೋಡಿದರೆ ನೀರೇ ನಡುಗುತ್ತಿದೆಯೇನೋ ಎನ್ನಿಸುವಷ್ಟು ತಿಳಿಯಾದ ಜೆಲ್ಲಿ. ಒಳಗೆ ಅಲ್ಲಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ. ಮೇಲೆ ಬೆಲ್ಲದ ಪಾಕ, ಒಣದ್ರಾಕ್ಷಿ, ಕಡಲೆಕಾಯಿ ಬೀಜದ ಚೂರು.

ಇದನ್ನು ಮಾಡಲು ಒಲೆ ಹೊತ್ತಿಸಬೇಕಾಗಿಲ್ಲ ಎಂದರೆ ನಂಬುತ್ತೀರಾ? ತಿಳಿನೇರಳೆ ಹೂ ಬಿಡುವ ಒಂದು ಗಿಡವಿದೆ. ಮೂಲದಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದ್ದು, ಬದನೆ, ಟೊಮೆಟೊಗಳ ನೆಂಟ. ನಮ್ಮ ಹೊಲದ ಬದುವಿನ ಬುಡ್ಡೆಹಣ್ಣಿನಂತೆ ಇದರ ಕಾಯಿಗೂ ಕಾಗದದಂಥ ಅಂಗಿ. ಆ ಕಾಯಿಯ ಒಣಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ತಣ್ಣೀರಲ್ಲಿ ಅದ್ದಿ ಕಿವುಚುತ್ತಾರೆ. ಕಿವುಚಿದಷ್ಟೂ ನೀರು ಲೋಳೆಯಾಗುತ್ತದೆ. ಬೀಜದ ಸಿಪ್ಪೆಯಿಂದ ಪೆಕ್ಟಿನ್ ಎಂಬ ವಸ್ತು ಬಿಟ್ಟುಕೊಳ್ಳುತ್ತಿದೆ. ಆಮೇಲೆ ಅದಕ್ಕೆ ಒಂದಿಷ್ಟು ಸುಣ್ಣದ ತಿಳಿನೀರು ಬೆರೆಸುತ್ತಾರೆ. ಹೌದು, ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿರುತ್ತದಲ್ಲ, ಅದೇ ಸುಣ್ಣ. ನೀರಲ್ಲಿ ಕದಡಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತಾರೆ. ಬೆರೆಸಿಟ್ಟು ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ, ಬಟ್ಟಲು ಅಲ್ಲಾಡಿಸಿದಾಗ ನೀರು ತುಳುಕುವುದಿಲ್ಲ. ಥರಥರ ನಡುಗುತ್ತದೆ.

ಆಗಿದ್ದೇನು? ಪೆಕ್ಟಿನ್ ಅಂದರೆ ಉದ್ದುದ್ದ ಎಳೆಗಳು. ಎಳೆಯ ಮೈತುಂಬ ಋಣ ವಿದ್ಯುತ್ತಿನ ಚುಕ್ಕೆಗಳಿವೆ. ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ, ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ಎಳೆಗಳು ನೀರಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದವು. ಸುಣ್ಣದಲ್ಲಿರುವುದು ಕ್ಯಾಲ್ಸಿಯಂ. ಅದಕ್ಕೆ ಧನ ವಿದ್ಯುತ್ತಿನ ಎರಡು ಕೈಗಳಿವೆ ಅಂದುಕೊಳ್ಳಿ. ಒಂದು ಕೈಯಲ್ಲಿ ಈ ಎಳೆ, ಇನ್ನೊಂದರಲ್ಲಿ ಆ ಎಳೆ. ಹೀಗೆ ಲಕ್ಷಾಂತರ ಕ್ಯಾಲ್ಸಿಯಂ ಕಣಗಳು ಎಳೆಗಳನ್ನು ಜೋಡಿ ಜೋಡಿಯಾಗಿ ಹಿಡಿದಾಗ ನೀರೊಳಗೇ ಒಂದು ಚೀಲ ಹೆಣೆದಂತಾಯಿತು. ಎರಡು ಎಳೆಗಳ ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ ಕೂರುವ ಬಗೆಯನ್ನು ವಿಜ್ಞಾನಿಗಳು ಮೊಟ್ಟೆಯ ಪೆಟ್ಟಿಗೆಗೆ ಹೋಲಿಸುತ್ತಾರೆ. ಬಟ್ಟಲಲ್ಲಿ ಈಗಲೂ ಇರುವುದು ಬಹುಪಾಲು ನೀರೇ, ಆದರೆ ಓಡಿಹೋಗಲು ದಾರಿಯಿಲ್ಲದ ನೀರು.

ಒಂದು ಎಚ್ಚರಿಕೆ. ಆ ಗಿಡ ಹೊಲದಲ್ಲಿ ಕಂಡಿತೆಂದು ಕಾಯಿ ಬೀಜ ಬಾಯಿಗೆ ಹಾಕಬೇಡಿ, ಅದರಲ್ಲಿ ವಿಷದ ಅಂಶವಿದೆ. ಸುಣ್ಣದ ಜತೆಗೂ ಆಟ ಬೇಡ, ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ. ಲೋಳೆ ನೋಡುವ ಆಸೆಯಾದರೆ ಒಂದು ಚಮಚ ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ. ಸುಣ್ಣದ ಹಂಗಿಲ್ಲದೆ ಪ್ರತಿ ಬೀಜವೂ ತನ್ನ ಸುತ್ತ ಒಂದು ಪುಟ್ಟ ಬಿಂಗ್‌ಫೆನ್ ಕಟ್ಟಿಕೊಳ್ಳುತ್ತದೆ.

ತಣ್ಣಗಿನದು ಆಯಿತು. ಇನ್ನು ಚೆಂಗ್ಡುವಿನ ನಿಜವಾದ ಪರೀಕ್ಷೆ: 'ದಾನ್ ದಾನ್ ಮಿಯೆನ್'. ಮಿಯೆನ್ ಎಂದರೆ ನೂಡಲ್ಸ್. ದಾನ್ ಎಂದರೆ ಹೆಗಲ ಮೇಲಿನ ಅಡ್ಡೆ. ಹಿಂದೆಲ್ಲ ಮಾರುವವರು ಅಡ್ಡೆಯ ಒಂದು ತುದಿಗೆ ಒಲೆ, ಪಾತ್ರೆ, ಇನ್ನೊಂದು ತುದಿಗೆ ಬಟ್ಟಲು, ನೂಡಲ್ಸ್ ತೂಗಿಸಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಒಂದು ಕಡೆ ಭಾರ ಹೆಚ್ಚಾದರೆ ಹೋಟೆಲ್ಲೇ ನೆಲಕ್ಕೆ!

ಒಂದು ತುತ್ತು ಬಾಯಿಗಿಡಿ. ಮೊದಲು ಮೆಣಸಿನಕಾಯಿಯ ಉರಿ. ಇದು ನಮಗೆ ಹಳೆಯ ಪರಿಚಯ. ಸ್ವಲ್ಪ ಹೊತ್ತಿಗೆ ತುಟಿಯ ಮೇಲೆ ಇನ್ನೇನೋ ಶುರುವಾಗುತ್ತದೆ. ಜುಮ್... ಜುಮ್... ತುಟಿಯೊಳಗೆ ಜೇನುಹುಳು ಹೊಕ್ಕ ಹಾಗೆ. ಹುಳಿಯಲ್ಲ, ಕಹಿಯಲ್ಲ, ಉರಿಯೂ ಅಲ್ಲ. ಚೀನೀಯರು ಇದನ್ನು 'ಮಾ' ಎನ್ನುತ್ತಾರೆ. ಮೆಣಸಿನಕಾಯಿಯ ಉರಿ 'ಲಾ'. ಎರಡೂ ಸೇರಿದರೆ 'ಮಾಲಾ', ಸಿಚುವಾನಿನ ಅಡುಗೆಯ ಹೆಗ್ಗುರುತು. ಇದರಲ್ಲಿ 'ಲಾ' ಆಮೇಲೆ ಬಂದ ನೆಂಟ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗೇರಿ ಏಷ್ಯಾಕ್ಕೆ ಬಂದದ್ದು ಐನೂರು ವರ್ಷಗಳಿಂದೀಚೆಗೆ. 'ಮಾ' ಅದಕ್ಕೂ ಎಷ್ಟೋ ಮೊದಲಿನಿಂದ ಅಲ್ಲಿನದೇ.

ಜುಮ್ಮೆನ್ನಿಸುವುದು 'ಹುವಾಜಿಯಾವ್' ಎಂಬ ಪುಟ್ಟ ಕಾಯಿಯ ಸಿಪ್ಪೆ. ಕೆಂಪಗೆ, ಒಣಗಿ ಬಾಯಿಬಿಟ್ಟ ಕಾಯಿ. ಒಳಗಿನ ಕರಿಬೀಜವನ್ನು ಎಸೆದುಬಿಡುತ್ತಾರೆ, ಅದು ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ. ಇದನ್ನು ಸಿಚುವಾನ್ ಮೆಣಸು ಎಂದು ಕರೆದರೂ ನಮ್ಮ ಕಾಳುಮೆಣಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ನಿಂಬೆಯ ಮನೆತನ. ನಿಂಬೆ, ಕಿತ್ತಳೆ, ಬಿಲ್ವ, ಒಗ್ಗರಣೆಯ ಕರಿಬೇವು ಎಲ್ಲ ಒಂದೇ ಕುಟುಂಬ. ಈ ನೆಂಟಸ್ತಿಕೆಯಿಂದ ಒಮ್ಮೆ ಪೇಚೂ ಆಯಿತು. ನಿಂಬೆ, ಕಿತ್ತಳೆಯ ಗಿಡಗಳಿಗೆ ತಗಲುವ ರೋಗ ಇದರ ಜತೆ ಬಂದೀತೆಂಬ ಹೆದರಿಕೆಗೆ ಅಮೆರಿಕ ದೇಶ 1968ರಿಂದ 2005ರವರೆಗೆ ಇದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಸಿಪ್ಪೆಯಲ್ಲಿರುವ ಸ್ಯಾನ್‌ಶೂಲ್ ಎಂಬ ವಸ್ತುವೇ ಈ ತುಂಟಾಟದ ಮೂಲ. ನಮ್ಮ ಚರ್ಮದಲ್ಲಿ ಬೇರೆ ಬೇರೆ ಕೆಲಸದ ನರಗಳಿವೆ. ಬಿಸಿಯ ಸುದ್ದಿ ಹೇಳುವುದು ಒಂದು, ನಡುಕದ ಸುದ್ದಿ ಹೇಳುವುದು ಇನ್ನೊಂದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯ ನರವನ್ನು ತಟ್ಟಿ ಎಬ್ಬಿಸುತ್ತದೆ. ಬಾಯಿಯಲ್ಲಿ ಬೆಂಕಿಯಿಲ್ಲ, ಆದರೂ ಮಿದುಳಿಗೆ 'ಸುಡುತ್ತಿದೆ' ಎಂಬ ಸುದ್ದಿ. ಸ್ಯಾನ್‌ಶೂಲ್ ಎಬ್ಬಿಸುವುದು ಸ್ಪರ್ಶದ, ನಡುಕದ ನರಗಳನ್ನು. ಅವು 'ತುಟಿ ಅದುರುತ್ತಿದೆ' ಎಂದು ಕಳಿಸುತ್ತವೆ. ಅಂದರೆ ಜುಮ್ಮೆನ್ನುವುದು ರುಚಿಯೇ ಅಲ್ಲ, ಮುಟ್ಟಿದ ಅನುಭವ!

ಎಷ್ಟು ವೇಗವಾಗಿ ಅದುರುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಅದನ್ನೂ ಅಳೆದರು. ಜನರ ತುಟಿಗೆ ಈ ಮೆಣಸನ್ನು ಸವರಿ, ಅವರ ಬೆರಳನ್ನು ಕಂಪಿಸುವ ಒಂದು ಯಂತ್ರಕ್ಕೆ ತಾಗಿಸಿದರು. ಬೆರಳಿನ ನಡುಕ ತುಟಿಯ ಜುಮ್ಮಿಗಿಂತ ವೇಗವೋ, ನಿಧಾನವೋ, ಹೇಳಿ ಎಂದರು. ಎರಡೂ ಸಮವಾದದ್ದು ಸೆಕೆಂಡಿಗೆ ಸುಮಾರು 50 ಕಂಪನದಲ್ಲಿ. 2013ರಲ್ಲಿ ಇದು ಪ್ರಕಟವಾಯಿತು. ಒಬ್ಬರ ತುಟಿಯೊಳಗಿನ ಜುಮ್ಮನ್ನು ಇನ್ನೊಬ್ಬರು ಅಳೆಯುವುದು ಹೇಗೆಂದು ಕೇಳಿದರೆ ನಾನಾದರೆ ಕೈಚೆಲ್ಲುತ್ತಿದ್ದೆ. ಅವರು ಬೆರಳನ್ನೇ ಅಳತೆಗೋಲು ಮಾಡಿಕೊಂಡರಲ್ಲ, ಆ ಉಪಾಯ ನನಗೆ ಮೆಣಸಿಗಿಂತ ಹೆಚ್ಚು ಜುಮ್ಮೆನ್ನಿಸಿತು.

ಬಿಸಿ ಮತ್ತು ಸ್ಪರ್ಶದ ಸುದ್ದಿಯನ್ನು ನರಗಳು ಹಿಡಿಯುವ ಬಗೆಯನ್ನು ಕಂಡುಕೊಂಡದ್ದಕ್ಕೇ 2021ರ ವೈದ್ಯಕೀಯ ನೊಬೆಲ್ ಬಹುಮಾನ ಇಬ್ಬರಿಗೆ ಹಂಚಿಕೆಯಾಯಿತು. ಡೇವಿಡ್ ಜೂಲಿಯಸ್ ಮೆಣಸಿನಕಾಯಿಯ ಖಾರವನ್ನೇ ಹಿಡಿದು, ಬಿಸಿಯನ್ನು ಗುರುತಿಸುವ ನರದ ಬಾಗಿಲನ್ನು ಹುಡುಕಿದವರು. ಆರ್ಡೆಮ್ ಪಟಪೂಟಿಯನ್ ಸ್ಪರ್ಶದ ಬಾಗಿಲನ್ನು ಹುಡುಕಿದವರು. ಒಬ್ಬರು 'ಲಾ', ಇನ್ನೊಬ್ಬರು ಹೆಚ್ಚುಕಡಿಮೆ 'ಮಾ'. ಚೆಂಗ್ಡುವಿನವರು ಇದನ್ನು ಕೇಳಿ ನಕ್ಕಿರಬೇಕು, ಅವರ ಬಟ್ಟಲಲ್ಲಿ ಇವೆರಡೂ ಎಂದೋ ಜತೆಯಾಗಿದ್ದವು.

ಈ ಜುಮ್ಮಿಗಾಗಿ ಚೀನಾದವರೆಗೆ ಹೋಗಲೇಬೇಕೇ? ಬೇಡ. ಹುವಾಜಿಯಾವ್‌ನ ಒಬ್ಬ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೇ ಇದ್ದಾನೆ. ಮೈತುಂಬ ಮುಳ್ಳಿನ ಮರ. ಕರಾವಳಿಯಲ್ಲಿ ಬಂಗುಡೆ ಮೀನಿನ ಸಾರಿಗೆ ಇದರ ಕಾಯಿ ಬೀಳುತ್ತದೆ. ಕೊಂಕಣಿಯವರು ತೆಪ್ಪಳ ಎನ್ನುತ್ತಾರೆ. ಕನ್ನಡದಲ್ಲಿ ಇದರ ಹೆಸರು ಗೊತ್ತೇ? ಜುಮ್ಮನಕಾಯಿ! ಹೆಸರಿಟ್ಟವರು ಇದು ಹುಳಿ, ಖಾರ, ಒಗರು ಎಂದು ರುಚಿಯ ಹೆಸರು ಹುಡುಕಲಿಲ್ಲ. ಮೈಗೆ ಆದದ್ದನ್ನೇ ಹೇಳಿದರು.

ಮನೆಯಲ್ಲಿ ಜುಮ್ಮನಕಾಯಿ ಇದ್ದರೆ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಒಂದು ಸಣ್ಣ ಚೂರು ಸಿಪ್ಪೆ ಇಸಿದುಕೊಳ್ಳಿ. ಸಾಸಿವೆ ಕಾಳಿನಷ್ಟು ಸಾಕು. ತುಟಿಯ ಒಳಬದಿಗೆ ಒತ್ತಿಕೊಂಡು ಕನ್ನಡಿಯ ಮುಂದೆ ನಿಲ್ಲಿ. ಜುಮ್ಮೆನ್ನಲು ಶುರುವಾದ ಕೂಡಲೇ ತುಟಿಯನ್ನೇ ದಿಟ್ಟಿಸಿ ನೋಡಿ. ಸೆಕೆಂಡಿಗೆ 50 ಸಲ ಅದುರುತ್ತಿದೆ ಎಂದು ನಿಮ್ಮ ತುಟಿ ಹಟ ಹಿಡಿದಿರುತ್ತದೆ. ಕನ್ನಡಿಯಲ್ಲಿ ಮಾತ್ರ ಅದು ಒಂದಿಷ್ಟೂ ಅಲ್ಲಾಡುತ್ತಿರುವುದಿಲ್ಲ.