ಚಿನ್ನ ತೆಗೆದ ಮೇಲೆ ಉಳಿದದ್ದು

ಕಪ್ಪು ಗೌನಿನೊಳಗೆ ಬೆವರುತ್ತಿರುವ ಪದವೀಧರರೇ,

ಕೋಲಾರ ಚಿನ್ನದ ಗಣಿಯ, ಅಂದರೆ ನಮ್ಮ ಕೆಜಿಎಫ್‌ನ, ಆಂಡರ್ಸನ್‌ಪೇಟೆಯಲ್ಲಿ ಯಾವ ಬೀದಿ ಹಿಡಿದು ಸ್ವಲ್ಪ ದೂರ ನಡೆದರೂ ಸೈನೈಡ್ ದಿಬ್ಬ ಕಣ್ಣಿಗೆ ಬೀಳುತ್ತದೆ. ಹುಟ್ಟಿದಾಗಿನಿಂದ ಕಂಡದ್ದಾದ್ದರಿಂದ ನೀವು ಅದನ್ನು ನೋಡುವುದನ್ನೇ ಬಿಟ್ಟಿದ್ದೀರಿ. ಬೇಸಿಗೆಯ ಗಾಳಿಯೆದ್ದು ಒಣಹಾಕಿದ ಬಟ್ಟೆಯ ಮೇಲೆ ಪುಡಿ ಕೂತಾಗ ಅಮ್ಮ ಬೈಯುತ್ತಾಳಲ್ಲ, ಆಗ ಮಾತ್ರ ನೆನಪಾಗುತ್ತದೆ. ಪಾತಾಳದ ಕಲ್ಲನ್ನು ಮೇಲೆ ತಂದು, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದದ್ದು ಅದು. ಟನ್ ಕಲ್ಲಿಗೆ ಚಿನ್ನ ಸಿಕ್ಕಿದ್ದು ಗ್ರಾಂಗಳ ಲೆಕ್ಕದಲ್ಲಿ. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೋದ ಚಿನ್ನ ಸುಮಾರು 800 ಟನ್, ಇಲ್ಲೇ ಬಿದ್ದಿರುವ ಹುಡಿ ಸುಮಾರು 3.3 ಕೋಟಿ ಟನ್.

ಹೀಗೆ ಉಳಿದುಹೋದದ್ದರ ಬಗ್ಗೆಯೇ ಜೀವಮಾನವಿಡೀ ಯೋಚಿಸಿದ ಒಬ್ಬನನ್ನು ಇವತ್ತು ನಿಮಗೆ ಪರಿಚಯಿಸಬೇಕೆಂದು ಬಂದೆ. ಹೆಸರು ಥಿಯೊಡೋರ್ ಅಡೋರ್ನೊ. 1903ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ. ತಂದೆ ಯಹೂದಿ ಮೂಲದ ವೈನ್ ವ್ಯಾಪಾರಿ, ತಾಯಿ ಗಾಯಕಿ. ನಾತ್ಸಿಗಳು 1933ರಲ್ಲಿ ಪಾಠ ಹೇಳುವ ಹಕ್ಕನ್ನೇ ಕಿತ್ತುಕೊಂಡರು. ದೇಶ ಬಿಟ್ಟು ಅಮೆರಿಕ ಸೇರಿದ. ಯುದ್ಧ ಮುಗಿದ ಮೇಲೆ ಅದೇ ಫ್ರಾಂಕ್‌ಫರ್ಟಿಗೆ ಮರಳಿ ಪಾಠಕ್ಕೆ ನಿಂತ. 1966ರಲ್ಲಿ ಬಂದ ಅವನ ‘ನಿಷೇಧಾತ್ಮಕ ದ್ವಂದ್ವಮಾನ’ವನ್ನು ನಾನು ಮೂರು ಸಲ ಓದಿದ್ದೇನೆ. ಅರ್ಥವಾಗಿದೆ ಎಂದು ಇಷ್ಟು ಜನರ ಮುಂದೆ ಸುಳ್ಳು ಹೇಳಲಾರೆ. ಆದರೆ ಅದರ ಒಂದು ಎಳೆ ಕೆಜಿಎಫ್‌ನಲ್ಲಿ ಬೆಳೆದವರಿಗೆ ಸುಲಭವಾಗಿ ಹೊಳೆಯುತ್ತದೆ. ನಾವು ಒಂದಕ್ಕೆ ಹೆಸರಿಟ್ಟು, ಇನ್ನು ಅದು ನಮಗೆ ಗೊತ್ತು ಅಂದುಕೊಳ್ಳುತ್ತೇವೆ. ಹೆಸರಿನ ಜರಡಿಯಲ್ಲಿ ನಿಲ್ಲದೆ ಹೊರಗೆ ಬಿದ್ದದ್ದು ಕಸವಾಗುತ್ತದೆ. ಆ ಕಸದ ಹತ್ತಿರ ಹೋಗಿ ನೋಡಿ ಎನ್ನುತ್ತಾನೆ ಅಡೋರ್ನೊ.

‘ಮಿನಿ ಇಂಗ್ಲೆಂಡ್’ ಎಂಬ ಮಾತನ್ನೇ ತೆಗೆದುಕೊಳ್ಳಿ. ನಾವೂ ಹೆಮ್ಮೆಯಿಂದ ಹೇಳುತ್ತೇವೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇದ್ದದ್ದು ನಿಜ. ಆದರೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ಲೈನ್ ಮನೆಗಳ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರು ಯಾವ ಇಂಗ್ಲೆಂಡಿನಲ್ಲಿದ್ದರು? ಶಾಫ್ಟುಗಳಿಗೆ ಗಿಫರ್ಡ್, ಎಡ್ಗರ್, ಹೆನ್ರಿ ಎಂದು ಹೆಸರುಗಳಿದ್ದವು, ಅವುಗಳಲ್ಲಿ ಇಳಿದವರಿಗೆ ನಂಬರುಗಳಿದ್ದವು. ನಮ್ಮ ತಾತನದೊಂದು ಹಿತ್ತಾಳೆ ಬಿಲ್ಲೆ ಮನೆಯಲ್ಲಿತ್ತು. ಅವರ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಬಿಲ್ಲೆಯ ನಂಬರು ಮಾತ್ರ ಮನೆಮಂದಿಗೆಲ್ಲ ಬಾಯಿಪಾಠ.

ಅಡೋರ್ನೊ ತನ್ನ ಗೆಳೆಯ ಮ್ಯಾಕ್ಸ್ ಹೋರ್ಕ್‌ಹೈಮರ್ ಜೊತೆ ಅಮೆರಿಕದಲ್ಲಿದ್ದಾಗ ಬರೆದ ‘ಜ್ಞಾನೋದಯದ ದ್ವಂದ್ವಮಾನ’ 1947ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಪ್ರಕೃತಿಯ ಭಯದಿಂದ ನಮ್ಮನ್ನು ಬಿಡಿಸಿದ ಬುದ್ಧಿಯೇ, ಲೆಕ್ಕಕ್ಕಷ್ಟೇ ಇಳಿದಾಗ, ಮನುಷ್ಯನನ್ನೂ ಸರಕಿನಂತೆ ಎಣಿಸತೊಡಗುತ್ತದೆ ಎಂಬುದು ಅದರ ಸಾರ. ನಮ್ಮೂರು ಇದರ ಎರಡೂ ಮುಖ ಕಂಡಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಮುಟ್ಟಿದರೆ ಸುಡುವ ಬಂಡೆಯ ನಡುವೆ ಗಾಳಿ ತಣಿಸಿ ಕೆಲಸ ಮಾಡಿಸಿದ ಎಂಜಿನಿಯರಿಂಗನ್ನು ಹಗುರವಾಗಿ ಕಾಣುವವನಲ್ಲ ನಾನು. ಆದರೆ ಅಷ್ಟೇ ಚುರುಕಾದ ಬುದ್ಧಿ 1930ರಲ್ಲಿ, ಪ್ರತಿ ಕಾರ್ಮಿಕನೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಿತು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕೂಲಿಗಾಗಿ ನಡೆದ ಮುಷ್ಕರಗಳು ಎಲ್ಲೆಡೆ ಸಿಗುತ್ತವೆ. ನನ್ನ ಹೆಬ್ಬೆರಳನ್ನು ನಿನ್ನ ಕಡತಕ್ಕೆ ಒತ್ತಲಾರೆ ಎಂದು ನಡೆದ ಮುಷ್ಕರ ಅಪರೂಪದ್ದು.

ಈ ಕಾರ್ಮಿಕರನ್ನು ಓದುಬರಹ ಬಾರದವರು ಎಂದು ಯಾರಾದರೂ ಕರೆದರೆ, ಇದೇ ಪೇಟೆಯ ಸಿದ್ಧಾರ್ಥ ಪುತ್ತಕಸಾಲೆಯ ಹೆಸರು ಹೇಳಿ. ತಮಿಳು ಚಿಂತಕ ಪಂಡಿತ ಅಯೋತಿದಾಸರ ಬರಹಗಳನ್ನು ಪುಸ್ತಕವಾಗಿಸಿದ್ದು ಅದು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿತ್ತು. ಜಾತಿಯ ಹೆಸರನ್ನು ಹುಟ್ಟಿನೊಂದಿಗೇ ಅಂಟಿಸಿಕೊಂಡು ಬಂದವರು, ಆ ಹೆಸರು ತಾವಲ್ಲ ಎಂದು ಇಲ್ಲಿ ಕೂತು ವಾದಿಸಿದರು. ಫ್ರಾಂಕ್‌ಫರ್ಟಿನ ಪಂಡಿತರಿಗೆ ಇವರ ಸುದ್ದಿ ತಲುಪಲಿಲ್ಲ. ತಲುಪಿದ್ದರೆ ಒಂದೆರಡು ಅಧ್ಯಾಯ ಬೇರೆಯಾಗುತ್ತಿತ್ತು ಎಂಬುದು ನನ್ನ ಹಟ.

ನಡುವೆ ಒಂದು ಸಂತೋಷದ ವಿಷಯ. 1965ರಲ್ಲಿ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ಚಾಂಪಿಯನ್ ರೀಫಿನ ಆಳದಲ್ಲಿ ವಾತಾವರಣದ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. ತೂಕಕ್ಕೆ ಹಾಕಿ ಮಾರಲಾಗದ್ದೊಂದು ಚಿನ್ನದ ಗಣಿಯಲ್ಲೇ ಸಿಕ್ಕಿತು.

ಇನ್ನು ನಮ್ಮೂರ ಹೆಸರಿನ ‘ಕೆಜಿಎಫ್’ ಸಿನಿಮಾ. ನಾನು ಎಲ್ಲಿಂದ ಬಂದವನೆಂದು ಹೇಳಿದರೆ ದೆಹಲಿಯಲ್ಲೂ ಅದರ ನಾಯಕನ ಹೆಸರು ಹಿಡಿದು ‘ರಾಕಿ ಭಾಯ್’ ಅನ್ನುತ್ತಾರೆ. 2018ರ ಮೊದಲ ಭಾಗವನ್ನೂ 2022ರ ಎರಡನೆಯದನ್ನೂ ನಾನು ಶಿಳ್ಳೆಗಳ ನಡುವೆ ಕೂತು ನೋಡಿದವನೇ. ಅಡೋರ್ನೊ ಅರ್ಧಕ್ಕೇ ಎದ್ದು ಹೋಗುತ್ತಿದ್ದ. ಸಂಸ್ಕೃತಿಯೂ ಕಾರ್ಖಾನೆಯ ಮಾಲಿನಂತೆ ತಯಾರಾಗುತ್ತದೆ, ನಮ್ಮ ಆಸೆಗಳನ್ನೂ ಅದೇ ಅಚ್ಚಿನಲ್ಲಿ ಎರೆಯುತ್ತದೆ ಎಂದವನು ಅವನು. ಜಾಜ್ ಸಂಗೀತವನ್ನೂ ಅದೇ ಬಾಯಲ್ಲಿ ಹಳಿದ; ಅಲ್ಲಿ ಅವನ ಕಿವಿ ಕೆಟ್ಟಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಈ ಸಿನಿಮಾದಲ್ಲಿ ಗಣಿಯ ಜನ ಒಬ್ಬ ನಾಯಕನಿಗಾಗಿ ಕಾಯುತ್ತಾರೆ, ಗಮನಿಸಿದಿರಾ? 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಬಿದ್ದವರು ಯಾರಿಗೂ ಕಾಯುತ್ತ ನಿಂತವರಲ್ಲ. ಸಂಘ ಕಟ್ಟಿಕೊಂಡು, ತಮ್ಮ ಮಾತನ್ನು ತಾವೇ ಆಡಿದವರು. ದಿಬ್ಬ ತೆರೆಯ ಮೇಲೆ ಬಂತು, ಅವರು ಬರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ನಮ್ಮ ಶಾಫ್ಟು ಯಾವುದೆಂದರೆ ಮಾರಿಕುಪ್ಪದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ನಿಮ್ಮಲ್ಲಿ ಅರ್ಧ ಜನ ಬರುವ ತಿಂಗಳಿಂದ ಅದರಲ್ಲಿರುತ್ತೀರಿ. ಬಂಗಾರಪೇಟೆ ಬರುವ ಹೊತ್ತಿಗೆ ಎಲ್ಲರ ತಲೆಯೂ ಫೋನಿನ ಮೇಲೆ ಬಾಗಿರುತ್ತದೆ. ಬಿಡುವು ಕೆಲಸದ ಶತ್ರುವಲ್ಲ, ನಾಳೆಯ ದುಡಿಮೆಗೆ ನಮ್ಮನ್ನು ಸಜ್ಜುಮಾಡುವ ಅದರ ಬಾಲ ಎಂದು ಅಡೋರ್ನೊ ಕೊನೆಗಾಲದಲ್ಲಿ ಬರೆದ. ಕಟುವಾದ ಮಾತೇ. ನಿಂತುಕೊಂಡೇ ಪ್ರಯಾಣ ಮಾಡುವ ಹುಡುಗಿಗೆ ರೀಲ್ಸ್ ನೋಡಬೇಡ ಅನ್ನುವ ಧೈರ್ಯ ನನಗಿಲ್ಲ. ಆ ರೈಲಿನಲ್ಲಿ ಇಸ್ಪೀಟಾಡುವವರು, ಹೂ ಕಟ್ಟುವವರು, ತಮಿಳು ತೆಲುಗು ಕನ್ನಡ ಉರ್ದು ಕಲಸಿ ಜಗಳವಾಡುವವರು ಅವನ ಲೆಕ್ಕಕ್ಕೆ ಸಿಗದೆ ಉಳಿದವರು ಎಂದು ಮಾತ್ರ ಹೇಳುತ್ತೇನೆ.

ಅವನ ಲೆಕ್ಕ ತಪ್ಪಿದ್ದು ಅಲ್ಲಿ ಮಾತ್ರವಲ್ಲ. 1969ರ ಜನವರಿಯಲ್ಲಿ ಅವನದೇ ವಿದ್ಯಾರ್ಥಿಗಳು ಸಂಶೋಧನಾ ಸಂಸ್ಥೆಗೆ ನುಗ್ಗಿ ಕೂತಾಗ ಪೊಲೀಸರನ್ನು ಕರೆಸಿದ. ಅದೇ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಅದಕ್ಕೆ ಮೂರು ವರ್ಷ ಮುಂಚೆ ರೇಡಿಯೋದಲ್ಲಿ, ನಾತ್ಸಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್ ಮತ್ತೆ ನಡೆಯದಂತೆ ನೋಡಿಕೊಳ್ಳುವುದೇ ಶಿಕ್ಷಣದ ಮೊದಲ ಹೊಣೆ ಎಂದು ಮಾತಾಡಿದ್ದ. ಅವನನ್ನು ಹೆದರಿಸಿದ್ದು ಕ್ರೂರಿಗಳಿಗಿಂತ ಹೆಚ್ಚಾಗಿ ತಣ್ಣಗಿರುವವರು: ರೈಲು ಸರಿಯಾದ ಸಮಯಕ್ಕೆ ಹೊರಡುವುದನ್ನು ನೋಡಿಕೊಂಡು, ಅದರೊಳಗೆ ಯಾರಿದ್ದಾರೆ, ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಕೇಳದವರು.

ಹಾಗೆ ಕೇಳಬೇಕಾದ ಹೊತ್ತು ನಮ್ಮೂರಿಗೂ ಬಂದಿದೆ. 2024ರಲ್ಲಿ ನಮ್ಮ ಸೈನೈಡ್ ದಿಬ್ಬಗಳನ್ನೇ ಮತ್ತೆ ಅಗೆದು ಮಿಕ್ಕ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸರ್ಕಾರ ಒಪ್ಪಿತು. 13 ದಿಬ್ಬಗಳು. ಕಸಕ್ಕೂ ಬೆಲೆ ಬಂತು. ಒಳ್ಳೆಯದೇ, ಕೆಲಸ ಸಿಗಬಹುದು. ಧೂಳು ಯಾರ ಮನೆಗೆ ಹೋಗುತ್ತದೆಂದು ಸಭೆಯಲ್ಲಿ ಎದ್ದು ಕೇಳಲು ಇಂಗ್ಲಿಷೂ ಕಾನೂನೂ ಬಲ್ಲವರು ಈಗ ನೀವಿದ್ದೀರಿ.

ಇನ್ನು ಪದವಿ ಪ್ರದಾನ. ಕೈಗೆ ಬಂದಿರುವ ಪಟ್ಟಿಯಲ್ಲಿ ನೋಂದಣಿ ಸಂಖ್ಯೆ ದಪ್ಪಕ್ಷರದಲ್ಲಿದೆ, ಹೆಸರು ಸಣ್ಣಕ್ಷರದಲ್ಲಿದೆ. ಸಂಖ್ಯೆ ಬಿಟ್ಟು ಹೆಸರುಗಳನ್ನಷ್ಟೇ, ಅಪ್ಪ ಅಮ್ಮಂದಿರ ಹೆಸರೂ ಸೇರಿಸಿ, ಓದಬೇಕೆಂದು ಕೇಳಿಕೊಂಡಿದ್ದೇನೆ, ಪ್ರಾಂಶುಪಾಲರು ಒಪ್ಪಿದ್ದಾರೆ. ಅರ್ಧ ಗಂಟೆ ತಡವಾಗಬಹುದು. ಸಂಜೆಯ ರೈಲು ಹಿಡಿಯಬೇಕಾದವರು ದಯವಿಟ್ಟು ಮುಂದಿನ ಸಾಲಿಗೆ ಬನ್ನಿ.