ಕಾಡಿಗೆ ಹೋದ ಚಿತ್ರಕಾರ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ನಾನು ಹೇಳಹೊರಟಿದ್ದು ಕೆನಡಾದ ಟಾಮ್ ಥಾಮ್ಸನ್ ಎಂಬ ಚಿತ್ರಕಾರನ ವಿಷಯ.

1877ರಲ್ಲಿ ಹುಟ್ಟಿದ ಇವನು ಒಂಟಾರಿಯೊ ಪ್ರಾಂತ್ಯದ ರೈತ ಮನೆಯ ಹುಡುಗ. ಟೊರಾಂಟೊದ ಕಂಪನಿಯೊಂದರಲ್ಲಿ ಜಾಹೀರಾತಿಗೆ ಅಕ್ಷರ, ವಿನ್ಯಾಸ ಬರೆಯುವ ನೌಕರಿ. ಮೇಜಿನ ಮುಂದೆ ಕೂತು ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದು. ನನ್ನ ಕೆಲಸದ ಹಾಗೇ ಅನ್ನಿ. 1912ರಲ್ಲಿ, 34ನೇ ವಯಸ್ಸಿನಲ್ಲಿ, ಅಲ್ಗಾಂಕ್ವಿನ್ ಕಾಡಿಗೆ ಮೊದಲ ಸಲ ಹೋದ. ಆಮೇಲೆ ವರ್ಷವರ್ಷವೂ ಅಲ್ಲೇ. ದೋಣಿ, ಡೇರೆ, ಮೀನಿನ ಗಾಳ. ಹೊಟ್ಟೆಪಾಡಿಗೆ ಬಂದವರಿಗೆ ದಾರಿ ತೋರಿಸಿದ, ಕಾಡ್ಗಿಚ್ಚು ಕಾಯುವ ಕೆಲಸವನ್ನೂ ಮಾಡಿದ.

ಜೊತೆಗೆ ಉದ್ದ ನೋಟ್‌ಬುಕ್ಕಿನಷ್ಟೇ ಅಗಲದ ಮರದ ಹಲಗೆಗಳು. ಮೋಡ ಕವಿದರೆ, ಎಲೆ ಕೆಂಪಾದರೆ, ಬೆಳಕು ಸರಿಯುವ ಮುಂಚೆ ಅಲ್ಲೇ ಕೂತು ಎಣ್ಣೆಬಣ್ಣದಲ್ಲಿ ಬರೆದುಬಿಡುತ್ತಿದ್ದ. ಅಂಥವು ಸುಮಾರು 400. ಚಳಿಗಾಲದಲ್ಲಿ ಟೊರಾಂಟೊದ ಒಂದು ಶೆಡ್ಡಿನಲ್ಲಿದ್ದುಕೊಂಡು ಕೆಲವನ್ನು ದೊಡ್ಡ ಕ್ಯಾನ್ವಾಸಿಗೆ ಏರಿಸುತ್ತಿದ್ದ. ‘ದಿ ಜ್ಯಾಕ್ ಪೈನ್’ ಹಾಗೆ ಬಂದದ್ದು. ಸರೋವರದ ದಡದಲ್ಲಿ ಒಂದೇ ಮರ, ಜೋತುಬಿದ್ದ ಕೊಂಬೆಗಳು, ಹಿಂದೆ ಸಂಜೆಯ ಆಕಾಶ. ಆ ಕಾಡೇನೂ ಯಾರೂ ಮುಟ್ಟದ ಕಾಡಲ್ಲ. ಅಲ್ಲಿಯ ದೊಡ್ಡ ಪೈನ್ ಮರಗಳನ್ನು ಆಗಲೇ ಕಡಿದು ಸಾಗಿಸಿದ್ದರು. ದಿಮ್ಮಿಗಳನ್ನು ನೀರಿನಲ್ಲಿ ತೇಲಿಬಿಡುವುದನ್ನೂ ಅವನು ಬರೆದಿದ್ದಾನೆ, ಮುಚ್ಚಿಟ್ಟಿಲ್ಲ. ಇದು ನನಗೆ ಬಹಳ ಹಿಡಿಸಿದ್ದು.

1917ರ ಜುಲೈನಲ್ಲಿ ಅದೇ ಕಾಡಿನ ಸರೋವರದಲ್ಲಿ ತೀರಿಕೊಂಡ. 39 ವರ್ಷ.

ಈಗ ನಮ್ಮ ಶಾಲೆಯ ಮಾತು. ಡ್ರಾಯಿಂಗ್ ಮೇಷ್ಟ್ರ ಜಾಗ ಖಾಲಿ ಬಿದ್ದು ವರ್ಷಗಳಾದವು, ಆ ಪೀರಿಯಡ್ಡು ಗಣಿತಕ್ಕೆ ಹೋಗುತ್ತಿದೆ. ನಮ್ಮ ಬ್ಯಾಚಿನವರು ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ಕೂತಾಗ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆದ ಗೆಳೆಯ ಇಲ್ಲೇ ಹಿಂದಿನ ಸಾಲಿನಲ್ಲಿದ್ದಾನೆ. ಅಂಗಡಿ ಬೋರ್ಡು ಬರೆದು ಬದುಕುತ್ತಿದ್ದ, ಫ್ಲೆಕ್ಸ್ ಬಂದಮೇಲೆ ಅದೂ ಹೋಯಿತು. ಹೆಸರು ಹೇಳಿದರೆ ಎದ್ದು ಹೋಗುತ್ತಾನೆ, ಅದಕ್ಕೇ ಹೇಳುತ್ತಿಲ್ಲ.

ಶನಿವಾರ ಶಾಲೆ ಬಿಟ್ಟಮೇಲೆ ಮಕ್ಕಳನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ ಚಿತ್ರ ಕಲಿಸಲು ಅವನು ಒಪ್ಪಿದ್ದಾನೆ. ಅವನ ಸಂಭಾವನೆ, ಬಣ್ಣ, ಹಲಗೆ ನಮ್ಮ ಬ್ಯಾಚಿನ ಖರ್ಚು. ಹೆಡ್‌ಮಾಸ್ಟರು ಅನುಮತಿ ಕೊಡಬೇಕು. ತಂದೆತಾಯಂದಿರೇ, ಹತ್ತನೇ ಕ್ಲಾಸಿನ ಮಕ್ಕಳನ್ನೂ ಕಳಿಸಿ. ಟ್ಯೂಷನ್ ಸಂಜೆ ಐದಕ್ಕೆ ತಾನೇ?